ತವರಿಗೆ ಕೊಟ್ಟ ನೋವು

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಕುಸುಮಾಳ ಹೆರಿಗೆಯ ಹೊಲಿಗೆ ಮೊದಲ ಸಲ ನೋಯಿತು. ಮಗುವಿಗೆ ಆರು ದಿನವಾಗಿತ್ತು.

ಚೊಚ್ಚಲ ಹೆರಿಗೆಯ ನೋವನ್ನು ತವರಿನವರು ಹೊರುವುದು ವಾಡಿಕೆ. ಹೆರಿಗೆಯಾದ ದಿನವೇ ಅಮ್ಮ ಅದನ್ನು ತಮ್ಮ ಮೈಗೆ ಹಾಕಿಸಿಕೊಂಡು ಹರಿಹರಕ್ಕೆ ಹೋಗಿ ಮಲಗಿದ್ದರು. ಹೊತ್ತವರು ಬಾಣಂತಿಯ ಕಣ್ಣೆದುರು ನರಳಬಾರದೆಂದು ಈ ದೂರ. ಕುಸುಮಾ ಮೂರನೇ ದಿನಕ್ಕೇ ಚಕ್ಕಳಮಕ್ಕಳ ಹಾಕಿ ಕೂತು ಹಾಲು ಕುಡಿಸುತ್ತಿದ್ದಳು.

ಈಗ ಗೋಡೆ ಹಿಡಿದು ನಿಂತಳು. ಹೊತ್ತ ನೋವು ಹಿಂದಿರುಗುವುದಕ್ಕೆ ಎರಡೇ ಕಾರಣ: ಹೊತ್ತವರು ಸಾಕೆಂದು ಬಿಟ್ಟುಕೊಟ್ಟಿರಬೇಕು, ಇಲ್ಲವೇ ಸತ್ತಿರಬೇಕು.

"ನಿಮ್ಮಮ್ಮಂಗೆ ಸಾಕಾಗಿರ್ಬೇಕು ಕಣಮ್ಮ," ಎಂದರು ಅತ್ತೆ. "ನಿನ್ನೆ ಫೋನಲ್ಲಿ ಬೈತಿದ್ರಲ್ಲ, 'ನೀನಲ್ಲಿ ಕುಣೀತಿದ್ದೀಯ, ನಾನಿಲ್ಲಿ ಕುಂಡಿ ಊರೋಕಾಗ್ದೆ ಒದ್ದಾಡ್ತಿದ್ದೀನಿ' ಅಂತ."

"ಹಾಗೇ ಆಗಿರ್ಲಿ ಅತ್ತೆ. ಬೇಜಾರಾಗಿ ವಾಪಸ್ ಕೊಟ್ಟಿರ್ಲಿ."

ಹರಿಹರಕ್ಕೆ ಫೋನ್ ಮಾಡಿದಳು. ನಾಲ್ಕನೇ ಸಲಕ್ಕೆ ಪಕ್ಕದ ಮನೆಯ ಗಿರಿಜಕ್ಕ ಎತ್ತಿ, ಅಳತೊಡಗಿದರು.

ಹೊರಡುವಾಗ ಅತ್ತೆ, "ದಾರಿಗಾದ್ರೂ ನಾನು ಹೊರ್ತೀನಿ, ಕೊಡು," ಎಂದರು. ಕುಸುಮಾ ಕೊಡಲಿಲ್ಲ. ಹರಿಹರದವರೆಗೂ ಕಾರಿನ ಹಿಂದಿನ ಸೀಟಿನಲ್ಲಿ ಒಂದೇ ಮಗ್ಗುಲಲ್ಲಿ ಮಲಗಿ ಹೋದಳು.