ಕೈಬರಹದ ಹಾಳೆಗಳು

ಹಾಳೆ ಬಿಚ್ಚುತ್ತಲೇ ಬೆಂದ ಭತ್ತದ ವಾಸನೆ ಮೂಗಿಗೆ ಬಂತು. ಸಾಜಿಯಾ ಆಡಿ ಬೆಳೆದದ್ದೇ ಆ ವಾಸನೆಯಲ್ಲಿ. ಅಪ್ಪ ಲಾಲಸಾಬ್ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅವನ ಪಕ್ಕದಲ್ಲಿ ಕೂತೇ ಅವಳು ಸ್ಟೀಮ್ ಟೇಬಲ್ ಪುಸ್ತಕವನ್ನು ಒಂದಂಕಿಯೂ ಬಿಡದೆ ಬರೆದುಕೊಂಡಿದ್ದಳು. ಹಬೆಯ ಒತ್ತಡ, ಶಾಖಗಳ ಆ ಪಟ್ಟಿಗಳನ್ನು ಯಾರೂ ಬಾಯಿಪಾಠ ಮಾಡಲಾರರೆಂದು ಡಿಪ್ಲೊಮಾ ಪರೀಕ್ಷೆಯಲ್ಲಿ ಪುಸ್ತಕ ಇಟ್ಟುಕೊಳ್ಳಲು ಬಿಡುತ್ತಾರೆ. ಕೊಳ್ಳಲಾಗದವರು ಕೈಯಲ್ಲಿ ಬರೆದುಕೊಂಡು ಬನ್ನಿ, ಯಾರಾದರೂ ತಕರಾರು ಮಾಡಿದರೆ ನಾನು ಹೇಳುತ್ತೇನೆ ಎಂದು ಪಾಠ ಮಾಡುವ ಅಂಜನಾ ಮೇಡಂ ಧೈರ್ಯ ಕೊಟ್ಟಿದ್ದರು. ಇವತ್ತು ಈ ಪರೀಕ್ಷಾ ಕೋಣೆಯ ಕಾವಲೂ ಅವರದೇ.

ಕೊನೆಯ ವರ್ಷ. ಪಾಸಾದರೆ ಬಳ್ಳಾರಿಯ ಹೊರಗಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಾದಿತ್ತು.

ಅಷ್ಟರಲ್ಲಿ ನಕಲು ಹಿಡಿಯುವ ಸ್ಕ್ವಾಡಿನ ಅಧಿಕಾರಿ ಒಳಗೆ ಬಂದರು. ಮುಂದಿನ ಬೆಂಚಿನಲ್ಲಿ ಅದಿರು ಲಾರಿಗಳ ಮಾಲೀಕರ ಮಗ ಚನ್ನಬಸವರಾಜ. ಸಾಜಿಯಾ ಎರವಲು ತಂದು ಬರೆದುಕೊಂಡದ್ದು ಅವನ ಪುಸ್ತಕವನ್ನೇ. ಅದರ ಅಂಚುಗಳ ತುಂಬ ಪೆನ್ಸಿಲಿನಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನು ಅವಳು ಕಂಡಿದ್ದಳು. ಅಧಿಕಾರಿ ಅದರ ರಟ್ಟನ್ನಷ್ಟೇ ನೋಡಿ, ಸರಿ ಎಂಬಂತೆ ತಲೆಯಾಡಿಸಿ ಸಾಜಿಯಾಳ ಬಳಿ ಬಂದರು.

“ಇದೇನವಾ?”

“ಸ್ಟೀಮ್ ಟೇಬಲ್ ರೀ ಸರ್. ಪುಸ್ತಕ ನೋಡೇ ಬರಕೊಂಡೀನಿ. ಮತ್ತೇನೂ ಇಲ್ರಿ ಅದರಾಗ.”

“ಅಚ್ಚು ಹಾಕಿದ್ರ ಪುಸ್ತಕ. ಕೈಲೆ ಬರದ್ರ ಚೀಟಿ. ಯಾರು ತರಾಕ ಹೇಳಿದ್ರು?”

ಚನ್ನಬಸವರಾಜ ಮೊಣಕೈಯನ್ನು ಮೆಲ್ಲಗೆ ತನ್ನ ಪುಸ್ತಕದ ಮೇಲೆ ಊರಿದ. ಸಾಜಿಯಾ ಬಾಗಿಲ ಕಡೆ ನೋಡಿದಳು. ಅಂಜನಾ ಮೇಡಂ ಕೆಂಧೂಳು ಕೂತ ಕಿಟಕಿಯನ್ನೇ ನೋಡುತ್ತ ನಿಂತಿದ್ದರು. ಅವರದು ತಾತ್ಕಾಲಿಕ ನೌಕರಿ. ವರ್ಷ ವರ್ಷವೂ ಪ್ರಿನ್ಸಿಪಾಲರ ಮನಸ್ಸು ಕಾಯಬೇಕು. ಇಡೀ ಕ್ಲಾಸಿಗೆ ಅದು ಗೊತ್ತು.

“ಯಾರೂ ಹೇಳಿಲ್ರಿ,” ಎಂದಳು ಸಾಜಿಯಾ. “ನಾನೇ ತಂದೀನಿ.”

ಈ ವರ್ಷದ ಪೇಪರುಗಳೆಲ್ಲ ರದ್ದೆಂದು ಹೇಳಿ ಅಧಿಕಾರಿ ಕಾಗದ ಬರೆದರು. ಕೊಠಡಿ ಮೇಲ್ವಿಚಾರಕರು ಎಂದಿದ್ದ ಕಡೆ ಮೇಡಂ ಸಹಿ ಹಾಕಿದರು.

ಮಧ್ಯಾಹ್ನ ಮೇಡಂ ಹೊರಗೆ ಬಂದಾಗ ಸಾಜಿಯಾ ಸೈಕಲ್ ಸ್ಟ್ಯಾಂಡಿನ ಬೇವಿನ ನೆರಳಿನಲ್ಲಿ ಕೂತಿದ್ದಳು. ಅವರನ್ನು ಕಂಡು, ಕ್ಲಾಸಿನಲ್ಲಿ ಏಳುವಂತೆಯೇ ಎದ್ದು ನಿಂತಳು.

“ಅಪ್ಪಗ ಏನಂತ ಹೇಳ್ಲಿ, ಮೇಡಂ?”

ಮೇಡಂ ಬ್ಯಾಗಿನಿಂದ ತಮ್ಮ ಊಟದ ಡಬ್ಬಿ ತೆಗೆದರು. ವರಾಂಡದ ಕಡೆ ಒಮ್ಮೆ, ಗೇಟಿನ ಕಡೆ ಒಮ್ಮೆ ತಿರುಗಿ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅದನ್ನು ಅವಳ ಕೈಗಿಟ್ಟರು.