ಹೊಸ ಬೂಟಿಗೆ ಹರಳೆಣ್ಣೆ

ದಾವಣಗೆರೆಯ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಮಗಳು ರಶ್ಮಿತಾ ಎರಡನೇ ಸಲ ಜಾರಿ ಬಿದ್ದಾಗ ಕೊಟ್ರೇಶ್ ಕಂಬಿ ದಾಟಿ ಒಳಗೆ ನುಗ್ಗಿದ. ಇನ್ನೇನು ಸೀಟಿ ಊದಿದರೆ ರಾಜ್ಯ ತಂಡದ ಆಯ್ಕೆ ಶುರು.

"ಅಮೆರಿಕದ ಆಟಗಾರರು ಹಾಕೋ ಬ್ರಾಂಡಿನ ಬೂಟು, ಅಟ್ಟೆಯೊಳಗೆ ಗಾಳಿ ಐತೆ, ಎಂಥಾ ನೆಲ ಆದ್ರೂ ಹಿಡಿತೈತೆ ಅಂದಿದ್ದ ಆ ಅಂಗಡಿಯವ. ಅವನ ಹಲ್ಲು ಉದುರಿಸ್ತೀನಿ."

ರಶ್ಮಿತಾ ಅಟ್ಟೆಯನ್ನು ಬೆರಳಿನಿಂದ ಉಜ್ಜಿ, ಆ ಬೆರಳನ್ನು ಅಪ್ಪನ ಮೂಗಿಗೆ ಹಿಡಿದಳು. ಹರಳೆಣ್ಣೆ.

ಹರಿಹರದ ಮನೆಯಲ್ಲಿ ಯಾರು ಹೊಸ ಚಪ್ಪಲಿ ತಂದರೂ ಕಾಲು ಕಚ್ಚದಿರಲೆಂದು ಎಣ್ಣೆ ತಿಕ್ಕುವವನು ಕೊಟ್ರೇಶನೇ. ನಿನ್ನೆ ಈ ಬೂಟಿಗೂ ಅಡಿ, ಮೇಲೆ ಎನ್ನದೆ ತಿಕ್ಕಿದ್ದ.

"ಕಚ್ಚಬಾರ್ದು ಅಂತ ಹಚ್ಚಿದ್ನವ್ವಾ."

"ಅಪ್ಪಾ, ಇದೇನು ಚರ್ಮದ ಚಪ್ಪಲಿನಾ?"

ಅವನು ಟವೆಲಿನಿಂದ ಒರೆಸಿದ. ಜಿಡ್ಡು ಬಿಡಲಿಲ್ಲ. ಆಟಕ್ಕೆ ಮೊದಲು ಅವಳ ಹಣೆಗೆ ಹಚ್ಚಲೆಂದು ತಂದಿದ್ದ ವಿಭೂತಿ ಗಟ್ಟಿ ಅಂಗಿ ಜೇಬಿನಲ್ಲಿತ್ತು. ತೆಗೆದು ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ನೆಲದ ಮೇಲೆ ಕೂತು, ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅಟ್ಟೆಗೆ ತಿಕ್ಕತೊಡಗಿದ.

"ಅಪ್ಪಾ, ಅದು ವಿಭೂತಿ."

"ಗೊತ್ತೈತೆ. ಶಿವನತ್ರ ನಾನು ಮಾತಾಡ್ಕೊಂತೀನಿ. ಕಾಲು ಊರು."

ರಶ್ಮಿತಾ ಕಾಲೂರಿ ತಿರುಗಿಸಿದಳು. ಬೂಟು ನೆಲ ಹಿಡಿದು ಕಿರ್ರೆಂದಿತು. ಅಷ್ಟರಲ್ಲಿ ತೀರ್ಪುಗಾರ ಸೀಟಿಯನ್ನು ಬಾಯಿಗಿಟ್ಟ.

ಕೊಟ್ರೇಶ್ ಕೂತಲ್ಲಿಂದಲೇ ಬೂದಿ ಮೆತ್ತಿದ ಎರಡೂ ಕೈ ಮುಗಿದ. "ತಡೀರಿ ಸರ, ಇನ್ನೊಂದು ಕಾಲು ಐತೆ."