ಯಂತ್ರ ಉಳಿಸಿದ ಮಾತು

ಹಳೆಯ ಚಿನ್ನದ ಗಣಿಯ ಸುರಂಗದಲ್ಲಿ ಕೂರಿಸಿದ್ದ ಯಂತ್ರದೊಳಗೆ ಪರಮಾಣುವಿನ ಕಣಗಳು ಡಿಕ್ಕಿ ಹೊಡೆದಾಗಲೆಲ್ಲ ಸತ್ತವರ ಮಾತುಗಳು ಸಿಡಿಯುತ್ತಿದ್ದವು. ಅಷ್ಟನ್ನೂ ಹಿಡಿದಿಡಲಾಗದೆ ಯಂತ್ರವು ಹಿಂದೆಂದೂ ಬಾರದ ಮಾತನ್ನಷ್ಟೇ ಆ ಕ್ಷಣದಲ್ಲೇ ಆರಿಸಿಕೊಂಡು ಉಳಿದದ್ದನ್ನು ಅಳಿಸಿಬಿಡುತ್ತಿತ್ತು.

ಬೆಂಕಿಯಲ್ಲಿ ಮಗಳನ್ನು ಕಳೆದುಕೊಂಡ ಮುನಿಲಕ್ಷ್ಮಮ್ಮ ದಿನವೂ ಗಂಡನೊಂದಿಗೆ ಅಲ್ಲಿಗೆ ಬಂದು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. ಕೊನೆಗೊಮ್ಮೆ ಮಗಳ ದನಿ ಕೇಳಿತು: "ಅಮ್ಮಾ, ಊಟ ಆಯ್ತಾ?"

"ಇನ್ನೊಂದ್ ಸಲ ಕೇಳ್ಸಪ್ಪಾ!"

"ಅಳಿಸೋಯ್ತು ಕಣಮ್ಮಾ," ಎಂದ ಆಪರೇಟರ್ ಜಯಶೀಲ. "ಎಲ್ಲರ ಮಕ್ಳೂ ಅದನ್ನೇ ಕೇಳ್ತಾರೆ. ಹೊಸ ಮಾತಾದ್ರೆ ಉಳೀತದೆ."

ಹೊಸ ಮಾತೊಂದಕ್ಕಾಗಿ ಅವಳು ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಮಗಳು ಮತ್ತೆ ಬಂದಳು.

"ಅಮ್ಮಾ, ಬೆಂಕಿ ಹತ್ತಿದಾಗ ನನ್ ಕೈ ಕೊಡವಿ ಯಾಕೆ ಓಡ್ದೆ?"

ಯಂತ್ರದ ಹಸಿರು ದೀಪ ಹೊತ್ತಿತು.

"ಉಳೀತು ಕಣಮ್ಮಾ!" ಎಂದು ಜಯಶೀಲ ಹಿಗ್ಗಿದ. ಅವಳು ಬೇಡವೆನ್ನುವಷ್ಟರಲ್ಲಿ, "ಯಜಮಾನ್ರೂ ಕೇಳ್ಲಿ" ಎಂದು ಸ್ಪೀಕರ್ ಹಾಕಿದ.